ಹೊರಗೆ ಬಿಟ್ಟ ಹೊಲಿಗೆ

ಶನಿವಾರ, ಹದಿನಾಲ್ಕನೇ ತಾರೀಕು
ಸಂಜೆ

ಪ್ರೀತಿಯ ಅಕ್ಕ,

‘ಮುಚ್ಚಿದ ಕದದ ಮುಂದೆ ನಿಂತವರಿಗೆ ಗೋಡೆಯೂ ಮಾತಾಡುತ್ತದೆ’ ಎಂದೇನೋ ಒಂದು ಸಾಲು ಎಲ್ಲೋ ಓದಿದ್ದು ಅರ್ಧಂಬರ್ಧ ನೆನಪಿದೆ. ‘ಮಾತಾಡುತ್ತದೆ’ ಎಂದಿತ್ತೋ ‘ದಾರಿ ಬಿಡುತ್ತದೆ’ ಎಂದಿತ್ತೋ ಖಚಿತವಿಲ್ಲ. ಬರೆದವರು ಯಾರೆಂಬುದೂ ಮರೆತಿದೆ. ಯಾರೇ ಆಗಿರಲಿ, ಅವರು ಯಾವತ್ತೂ ಮುಚ್ಚಿದ ಕದದ ಮುಂದೆ ನಿಂತವರಲ್ಲ ಎಂದು ಈಗ ಅನ್ನಿಸುತ್ತದೆ. ಮ್ಯೂಸಿಯಂನಲ್ಲಿ ನಮ್ಮ ಲೇಬಲ್ ವಿಭಾಗವನ್ನು ಮುಚ್ಚಿದಾಗ ಮೂರು ವಾರ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದೆ. ಅದು ಒಂದು ಮಾತೂ ಆಡಲಿಲ್ಲ. ಮೇಲಿನ ಮೂಲೆಯಲ್ಲಿ ಸುಣ್ಣ ಎದ್ದಿತ್ತು, ಅಷ್ಟೇ.

ಮಂಗಳವಾರದಿಂದ ನಿನ್ನ ಫೋನ್ ಎತ್ತಿಲ್ಲ, ಮೆಸೇಜುಗಳನ್ನಷ್ಟೇ ಓದಿದ್ದೇನೆ. ಎತ್ತಿದರೆ ನೀನು ಬೈಯುತ್ತೀಯ, ನಾನು ಅಳುತ್ತೇನೆ, ಕಡೆಗೆ ನೀನು ‘ಸರಿ ಬಿಡು’ ಅನ್ನುತ್ತೀಯ. ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ಅದಕ್ಕೇ ಈ ಕಾಗದ.

ಅಂದು ಹನ್ನೊಂದು ಗಂಟೆಯಿಂದ ನಿನ್ನ ಶಾಲೆಯ ಆಡಳಿತ ಮಂಡಳಿಯ ಐದು ಜನ ನನ್ನ ಸಂದರ್ಶನಕ್ಕೆಂದು ಮುಕ್ಕಾಲು ಗಂಟೆ ಕಾದರಂತೆ. ಮುಖ್ಯೋಪಾಧ್ಯಾಯಿನಿಯಾದ ನೀನು ಅವರ ಮುಂದೆ ತಲೆ ತಗ್ಗಿಸಬೇಕಾಯಿತಂತೆ. ಭಾಷಾ ಶಿಕ್ಷಕಿಯ ಆ ಒಂದು ಹುದ್ದೆಗಾಗಿ ನೀನು ಯಾರ್ಯಾರ ಬಾಗಿಲಿಗೆ ಹೋಗಿದ್ದೆ ಎಂಬುದು ನನಗೆ ಗೊತ್ತು. ಏನು ಮಾಡಲಿ, ಬೆಳಿಗ್ಗೆಯಿಂದಲೇ ಜ್ವರ ಬಂದಿತ್ತು. ಈಗ ಇಳಿದಿದೆ, ಚಿಂತೆ ಮಾಡಬೇಡ.

ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಮತ್ತೆ ಹೇಳುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ಹತ್ತೊಂಬತ್ತು ವರ್ಷ ನಾನು ಗಾಜಿನ ಪೆಟ್ಟಿಗೆಗಳ ಪಕ್ಕದ ನಾಲ್ಕು ಸಾಲು ಬರೆದೆ. ಇದು ಯಾವ ಕಾಲದ್ದು, ಯಾರದ್ದು, ಯಾಕೆ ನೋಡಬೇಕು. ಆಮೇಲೆ ಹೊರಗಿನ ಕಂಪನಿಯೊಂದು ಬಂದು ಪೆಟ್ಟಿಗೆಗೊಂದು ಕಂಪ್ಯೂಟರ್ ಪರದೆ ಕೂರಿಸುತ್ತೇವೆಂದಿತು. ಬೆರಳು ಇಟ್ಟರೆ ಪರದೆಯೇ ಮಾತಾಡುತ್ತದೆ. ಕಚೇರಿಯವರು ನನ್ನನ್ನು ಕರೆದು, “ಮನೆಗೆ ಹೋಗ್ತೀರಾ, ನೆಲಮಾಳಿಗೆಗೆ ಹೋಗ್ತೀರಾ?” ಎಂದು ಕೇಳಿದರು, ಕೈದಿಯನ್ನು ಕೇಳಿದ ಹಾಗೆ. ನೆಲಮಾಳಿಗೆ ಎಂದರೆ ಹಳೆಯ ಬಟ್ಟೆಗಳನ್ನು ಸ್ವಚ್ಛ ಮಾಡಿ ಸರಿಪಡಿಸುವ ಕೋಣೆ. ಅಲ್ಲಿ ಆರು ತಿಂಗಳು ಸಹಾಯಕಿ, ಅರ್ಧ ಸಂಬಳ, ಕೆಲಸ ಒಪ್ಪಿಗೆಯಾದರೆ ಮುಂದಕ್ಕೆ ಕಾಯಂ.

ಹೇಳಿದಾಗ ನೀನು ಅಂದ ಮಾತು ಇನ್ನೂ ಕಿವಿಯಲ್ಲಿದೆ. “ಎಂ.ಎ. ಮಾಡಿ ಚಿಂದಿಗೆ ತೇಪೆ ಹಾಕ್ತೀಯಾ? ಅಮ್ಮ ಕಣ್ಣು ಕಳ್ಕೊಂಡಿದ್ದು ಇದಕ್ಕೇನಾ?”

ನಿನ್ನ ತಪ್ಪಿಲ್ಲ ಅಕ್ಕ. ಅಮ್ಮ ಕಂಡವರ ಬಟ್ಟೆ ಹೊಲಿದೇ ನಮ್ಮಿಬ್ಬರನ್ನೂ ಓದಿಸಿದಳು. ನಾವು ಗುಂಡಿ ಹೊಲಿಯಲು ಕೂತರೂ ಸೂಜಿ ಕಿತ್ತುಕೊಳ್ಳುತ್ತಿದ್ದಳು. “ಇದನ್ನ ಮುಟ್ಟಬೇಡಿ. ಕಲಿತ್ರೆ ಇದೇ ಗಂಟು ಬೀಳುತ್ತೆ. ಹೋಗಿ ಓದ್ಕೊಳ್ಳಿ.” ನೀನು ಓದಿಕೊಂಡೆ. ನಿನ್ನ ಬಾಲ ಹಿಡಿದು ನಾನೂ ಓದಿದೆ. ಇಬ್ಬರೂ ಸೂಜಿಗೆ ದಾರ ಪೋಣಿಸಲು ಬರದವರಾಗಿ ಬೆಳೆದದ್ದೇ ಆ ಮನೆಯ ದೊಡ್ಡಸ್ತಿಕೆ.

ಕೆಳಗಿನ ಕೋಣೆಯನ್ನು ನೋಡಿಕೊಳ್ಳುವವಳು ನನಗಿಂತ ಹದಿನೇಳು ವರ್ಷ ಚಿಕ್ಕವಳು. ಎಲ್ಲರೂ ಅವಳನ್ನು ಸೂಜಿ ಮೇಡಂ ಅನ್ನುತ್ತಾರೆ. ಮಾತು ಕಡಿಮೆ, ಆಡಿದರೆ ಚುಚ್ಚುತ್ತದೆ. ಮೊದಲ ಎರಡು ತಿಂಗಳು ನನ್ನ ಕೈಗೆ ಸೂಜಿಯನ್ನೇ ಕೊಡಲಿಲ್ಲ. ಬಟ್ಟೆಯ ಮೇಲೆ ತೆಳುವಾದ ಬಲೆ ಹಾಸಿ, ಸಣ್ಣ ಯಂತ್ರದಿಂದ ಅಂಗುಲ ಅಂಗುಲವಾಗಿ ಧೂಳು ಎಳೆಯುವುದು. ಅದಕ್ಕೂ ಮೊದಲು, ಮುಟ್ಟುವ ಮುಂಚೆ, ಸ್ಥಿತಿ ಟಿಪ್ಪಣಿ ಬರೆಯುವುದು. ಆ ಟಿಪ್ಪಣಿಗೆ ಅವಳದೊಂದು ಕಟ್ಟಪ್ಪಣೆ ಇದೆ. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕು. ಅದು ಏನು, ಯಾರದ್ದು ಎಂದು ಹೆಸರು ಹೇಳುವಂತಿಲ್ಲ. ರಾಜನ ಮೇಲಂಗಿಯಾದರೂ ‘ವಸ್ತು’ ಎಂದೇ ಬರೆಯಬೇಕು. ‘ಇರಬಹುದು’ ಎಂಬ ಮಾತಂತೂ ಕೂಡದು.

ನನ್ನ ಮೊದಲ ಟಿಪ್ಪಣಿ ಓದಿ, “ನೀವು ಬಟ್ಟೆ ನೋಡ್ತಿಲ್ಲ, ವಾಕ್ಯ ಮಾಡ್ತಿದೀರಿ. ಬಾಯಿ ಮುಚ್ಕೊಂಡು ನೋಡಿ. ಮನಸ್ಸಿನ ಬಾಯಿನೂ ಮುಚ್ಚಿ,” ಅಂದಳು. ಅವಳ ವಯಸ್ಸಿನಲ್ಲಿ ನಾನು ದೊಡ್ಡ ದೊಡ್ಡವರ ಪ್ರಬಂಧ ತಿದ್ದುತ್ತಿದ್ದೆ. ಅವತ್ತು ಬಚ್ಚಲಿಗೆ ಹೋಗಿ ಅತ್ತು ಬಂದೆ.

ಆದರೂ ನಾಲ್ಕನೇ ತಿಂಗಳಿಗೆ ಏನೋ ಆಯಿತು. ಹೇಗೆ ಹೇಳಲಿ? ಬೆಳಿಗ್ಗೆ ಎದ್ದಾಗಲೇ ಕೈಗೆ ಕೆಲಸ ನೆನಪಾಗುತ್ತಿತ್ತು. ಹೊಸ ಎಳೆಯನ್ನು ಹಳೆಯ ಬಟ್ಟೆಯ ದಾರ ಚುಚ್ಚದ ಹಾಗೆ, ಎರಡು ದಾರಗಳ ನಡುವಿನ ಸಂದಿಯಲ್ಲೇ ನುಗ್ಗಿಸಿ ತೆಗೆಯಬೇಕು. ಮುಂದೆ ಯಾರಾದರೂ ಬಿಚ್ಚಬೇಕೆಂದರೆ ಗುರುತೂ ಉಳಿಯಬಾರದು. ಒಂದು ದಿನಕ್ಕೆ ಒಂದು ಬೆರಳಿನಷ್ಟು ಕೆಲಸ ಸಾಗಿದರೆ ಹೆಚ್ಚು. ಹತ್ತೊಂಬತ್ತು ವರ್ಷ ನಾನು ಬರೆದದ್ದರಲ್ಲಿ ಇಷ್ಟು ಎಚ್ಚರ ಇತ್ತೇ ಎಂದು ಕೇಳಿಕೊಂಡೆ. ಸಂತೋಷ ಎಂದು ಬರೆಯಲು ಹೆದರಿಕೆ. ಈ ವಯಸ್ಸಿನಲ್ಲಿ, ಈ ಸಂಬಳದಲ್ಲಿ, ಸಂತೋಷಪಡುವುದು ಬೇಜವಾಬ್ದಾರಿ ಎಂದು ನೀನು ಅನ್ನುತ್ತೀಯ. ನಾನೂ ಅಂದುಕೊಂಡೆ. ಅದಕ್ಕೇ ನೀನು ಶಾಲೆಯ ಕೆಲಸ ಹೇಳಿದಾಗ ಹೂಂ ಅಂದದ್ದು.

ಸೋಮವಾರ ನನ್ನ ಮೇಜಿಗೆ ಒಂದು ಚಿಕ್ಕ ಅಂಗಿ ಬಂತು. ಹೊಸ ಪರದೆಯ ಪಕ್ಕ ಕೂರಿಸುವ ಮೊದಲು ಧೂಳು ತೆಗೆಯಬೇಕಿತ್ತು. ನೋಡಿದ ತಕ್ಷಣ ಗುರುತು ಸಿಕ್ಕಿತು. ನಾನು ಬರೆದ ಮೊಟ್ಟಮೊದಲ ಲೇಬಲ್ ಅದರದ್ದೇ. ಆಗ ನನಗೆ ಕೊಟ್ಟಿದ್ದು ಒಂದು ಫೋಟೋ, ರಿಜಿಸ್ಟರಿನ ಒಂದು ಸಾಲು. ನಾನು ಬರೆದೆ: ‘ಗೊಂಬೆಯ ಅಂಗಿ. ಆಡುತ್ತಾಡುತ್ತ ಹೊಲಿಗೆ ಕಲಿತ ಪುಟ್ಟ ಹುಡುಗಿಯೊಬ್ಬಳ ಮೊದಲ ಪ್ರಯತ್ನ. ಹೊಲಿಗೆಯ ಅಂಚನ್ನು ಒಳಗೆ ಮಡಚಲು ಅವಳಿಗಿನ್ನೂ ತಿಳಿದಿರಲಿಲ್ಲ.’ ಎಲ್ಲರಿಗೂ ಇಷ್ಟವಾಯಿತು. ಮಕ್ಕಳು ಗಾಜಿಗೆ ಮೂಗು ಒತ್ತಿ ನಗುತ್ತಿದ್ದರು. ಮ್ಯೂಸಿಯಂ ಮಾರುವ ಬಟ್ಟೆಚೀಲದ ಮೇಲೂ ಅದರ ಚಿತ್ರವಿದೆ, ಕೆಳಗೆ ನನ್ನ ಸಾಲು.

ಈಗ ಅದನ್ನೇ ಹೆಸರು ಹೇಳದೆ ನೋಡಬೇಕಿತ್ತು. ವಸ್ತು. ಬಿಳಿ ಹತ್ತಿ. ಉದ್ದ ಒಂದು ಗೇಣಿಗಿಂತ ಕಡಿಮೆ. ಗುಂಡಿಯಿಲ್ಲ, ಕಟ್ಟುವ ಲಾಡಿ ಇದೆ. ಕೊರಳ ಒಳಅಂಚಿನಲ್ಲಿ ಹಳದಿ ಕಲೆ. ಹೊಲಿಗೆಯ ಅಂಚು ಎಲ್ಲ ಕಡೆಯೂ ಹೊರಗೆ, ಎಲ್ಲ ಕಡೆಯೂ ಒಂದೇ ಅಗಲ. ಹೊಲಿಗೆಗಳು ಎಷ್ಟು ಸಣ್ಣವೆಂದರೆ ಭೂತಗನ್ನಡಿ ಬೇಕು.

ಅಷ್ಟು ಬರೆದು ನನ್ನ ಪೆನ್ನು ನಿಂತಿತು. ಕಲಿಯುವ ಹುಡುಗಿಯ ಕೈ ಅಲ್ಲ ಅದು. ನಿನಗೆ ನೆನಪಿದೆಯಾ, ಅಮ್ಮ ಯಾರದೋ ಬಾಣಂತನಕ್ಕೆ ಕೂಸಿನ ಅಂಗಿ ಹೊಲಿಯುತ್ತಿದ್ದಳು. ನಾನು ಮೇಜಿನ ಕೆಳಗೆ ಚೂರು ಬಟ್ಟೆ ಆರಿಸುತ್ತಿದ್ದೆ. “ಅಮ್ಮ, ಉಲ್ಟಾ ಹೊಲಿದಿದೀಯ,” ಎಂದು ನಕ್ಕವಳು ನೀನೇ. ಅಮ್ಮ ತಲೆ ಎತ್ತದೆ, “ಎಳೇ ಮೈಗೆ ಹೊಲಿಗೆ ಒತ್ತಬಾರ್ದು ಕಣೇ,” ಅಂದಿದ್ದಳು. ಅದು ನನ್ನ ಕಿವಿಯ ಮೇಲೇ ಬಿದ್ದ ಮಾತು. ಹೊಲಿಯುವವಳ ಮಗಳಾಗಿದ್ದೂ, ಸೂಜಿ ಗೊತ್ತಿಲ್ಲದವಳಾಗಲು ನಾನು ಎಷ್ಟು ಹೆಣಗಿದ್ದೆನೆಂದರೆ, ಅದೇ ಹೊಲಿಗೆ ಫೋಟೋದಲ್ಲಿ ಕಣ್ಣೆದುರು ಬಂದಾಗ ಅಜ್ಞಾನ ಎಂದು ಬರೆದುಬಿಟ್ಟೆ. ಅದೂ ಚಂದವಾಗಿ ಬರೆದೆ.

ಈಗ ಜ್ವರದ ವಿಷಯ. ಜ್ವರ ಇರಲಿಲ್ಲ. ಮೇಲಿನ ಆ ಸಾಲನ್ನು ಹೊಡೆದುಹಾಕುವುದಿಲ್ಲ, ಇರಲಿ. ನಾನು ಎಷ್ಟು ಸಲೀಸಾಗಿ ಸುಳ್ಳು ಬರೆಯಬಲ್ಲೆ ಎಂಬುದು ನಿನಗೂ ತಿಳಿಯಲಿ. ಮಂಗಳವಾರ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಸರ್ಟಿಫಿಕೇಟುಗಳ ಫೈಲು ಹಿಡಿದು, ನಿನ್ನ ಶಾಲೆಯ ಬಸ್ಸನ್ನೇ ಹತ್ತಿದ್ದೆ. ಮ್ಯೂಸಿಯಂ ಸ್ಟಾಪಿನಲ್ಲಿ ಇಳಿದೆ. ಹತ್ತು ನಿಮಿಷ, ಅಂಗಿಯ ಭುಜವೊಂದನ್ನು ನೋಡಿ ಮುಂದಿನ ಬಸ್ಸಿಗೆ ಹೋಗುತ್ತೇನೆ ಎಂದುಕೊಂಡೆ. ಕೆಲಸದಲ್ಲಿ ಮುಳುಗಿ ಹೊತ್ತು ಹೋದದ್ದು ತಿಳಿಯಲಿಲ್ಲ ಎಂದು ಬರೆಯಬಹುದಿತ್ತು. ಅದೂ ಸುಳ್ಳಾಗುತ್ತಿತ್ತು. ಹತ್ತು ನಲವತ್ತಕ್ಕೆ ಗಡಿಯಾರ ನೋಡಿದೆ. ಈಗ ಹೊರಟರೆ ಸರಿಯಾಗಿ ತಲುಪುತ್ತೇನೆ ಎಂಬುದು ಗೊತ್ತಿತ್ತು. ಮತ್ತೆ ಭೂತಗನ್ನಡಿಗೆ ಬಗ್ಗಿದೆ. ಹನ್ನೊಂದಕ್ಕೂ ನೋಡಿದೆ. ನೀನು ಬಾಗಿಲ ಕಡೆ ನೋಡುತ್ತಿರುವುದು ಕಣ್ಣಿಗೆ ಕಟ್ಟಿತು. ಆದರೂ ಏಳಲಿಲ್ಲ. ಕ್ಷಮಿಸು ಎಂದು ಕೇಳಲು ಮುಖವಿಲ್ಲ.

ಭುಜದ ಮೇಲೆ ಕಂಡದ್ದು ಇದು. ಸೂಜಿ ಹೋಗಿಬಂದ ತೂತುಗಳ ಎರಡು ಸಾಲು, ದಾರವಿಲ್ಲದೆ ಬರೀ ತೂತು. ಮೊದಲು ಅಲ್ಲಿ ಮಡಿಕೆ ಹಾಕಿ ಅಂಗಿಯನ್ನು ಇನ್ನೂ ಚಿಕ್ಕದು ಮಾಡಿದ್ದರು. ಆಮೇಲೆ ಒಂದು ಮಡಿಕೆ ಬಿಚ್ಚಿದ್ದಾರೆ, ಇನ್ನಷ್ಟು ದಿನ ಕಳೆದು ಇನ್ನೊಂದು. ಎರಡು ಸಾಲಿನ ನಡುವೆ ಅರ್ಧ ಬೆರಳಿನ ಅಂತರ. ಅಂಗೈಯಲ್ಲಿ ಹಿಡಿಸುವಷ್ಟಿದ್ದ, ದಿನ ತುಂಬದೆ ಹುಟ್ಟಿದ ಕೂಸು ಅಕ್ಕ. ಅದು ಅರ್ಧ ಬೆರಳು ಬೆಳೆದಿತ್ತು. ಮತ್ತೆ ಅರ್ಧ ಬೆರಳು. ಯಾರೋ ಒಬ್ಬಳು ಕೂತು ಮಡಿಕೆ ಬಿಚ್ಚಿದ ಆ ದಿನ ಅವಳ ಮನಸ್ಸು ಹೇಗಿದ್ದಿರಬೇಕು! ನಾವು ಅದರ ಮುಂದೆ ಮಕ್ಕಳನ್ನು ನಿಲ್ಲಿಸಿ ನಗಿಸಿದೆವು.

ಬುಧವಾರ ಟಿಪ್ಪಣಿ ಮುಗಿಸಿದೆ. ಕೊನೆಯಲ್ಲಿ, ಈಗಿರುವ ಲೇಬಲ್ ತಪ್ಪು, ಅದನ್ನು ಬರೆದವಳು ನಾನೇ ಎಂದು ಸೇರಿಸಿದೆ. ಸೂಜಿ ಮೇಡಂ ಎರಡು ಸಲ ಓದಿದಳು. ‘ಪಾಪದ ಕೂಸು’ ಎಂದಿದ್ದ ಕಡೆ ಬೆರಳಿಟ್ಟು, “ಪಾಪ ನಿಮಗೆಲ್ಲಿ ಕಾಣಿಸ್ತು? ತೆಗೀರಿ,” ಅಂದಳು. ತೆಗೆದೆ. ನನ್ನ ಸಹಿಯ ಕೆಳಗೆ, ಕೇಳದೆಯೇ, ತನ್ನದನ್ನೂ ಹಾಕಿದಳು.

ಗುರುವಾರ ನಿರ್ದೇಶಕರು ಕರೆಸಿದರು. ಅವರ ಮೇಜಿನ ಮೇಲೆ ನನ್ನ ಆರು ತಿಂಗಳ ವರದಿಯೂ ಇತ್ತು, ಈ ಟಿಪ್ಪಣಿಯೂ ಇತ್ತು. “ಹತ್ತೊಂಬತ್ತು ವರ್ಷ ಯಾರಿಗೂ ತೊಂದ್ರೆ ಆಗಿರ್ಲಿಲ್ಲ. ಈಗ್ಲೇ ಹೇಳ್ಬೇಕಿತ್ತಾ? ಪರದೆ ತಯಾರಾಗಿದೆ, ಚೀಲ ಅಚ್ಚಾಗಿದೆ.” ನನ್ನ ವರದಿಯನ್ನು ಹತ್ತಿರ ಎಳೆದುಕೊಂಡರು. “ಅಲ್ಲಮ್ಮಾ, ಆಗ ಬರೆಯೋವಾಗ ತಪ್ಪು ಮಾಡಿದೆ ಅಂತ ನೀವೇ ಹೇಳ್ತೀರಿ. ಈಗ ಕೈಗೆ ಸೂಜಿ ಕೊಟ್ರೆ ತಪ್ಪು ಮಾಡಲ್ಲ ಅಂತ ಯಾವ ನಂಬಿಕೆ ಮೇಲೆ ಕಾಯಂ ಮಾಡ್ಲಿ?” ಸೋಮವಾರ ಹೇಳುತ್ತೇನೆ ಎಂದು ಕಳಿಸಿದರು. ಅಂಗಿ ಇದ್ದ ಪೆಟ್ಟಿಗೆ ಸದ್ಯಕ್ಕೆ ಖಾಲಿ. ಪಕ್ಕದ ಪರದೆಯ ಮೇಲೆ ಬೆರಳಿಟ್ಟರೆ ಇನ್ನೂ ಗೊಂಬೆಯ ಕಥೆಯನ್ನೇ ಹೇಳುತ್ತದೆ. ನನ್ನದೇ ಮಾತು, ಬೇರೆ ಯಾರದೋ ಸಿಹಿ ಧ್ವನಿಯಲ್ಲಿ.

ಹೀಗಾಗಿ ಸೋಮವಾರದ ಮೇಲೆ ನನಗೆ ನಿನ್ನ ಶಾಲೆಯ ಕೆಲಸವೂ ಇಲ್ಲ, ಕೆಳಗಿನ ಕೋಣೆಯೂ ಇಲ್ಲದೆ ಹೋಗಬಹುದು. ಹೆದರಿಕೆ ಇಲ್ಲ ಎಂದರೆ ನೀನು ನಂಬಬೇಡ. ನಿನ್ನೆ ಅನ್ನಕ್ಕೆ ಇಟ್ಟ ನೀರು ಬತ್ತಿಹೋಗುವವರೆಗೂ ಒಲೆಯ ಮುಂದೆ ನಿಂತಿದ್ದೆ. ನಲವತ್ತೆಂಟು ವರ್ಷಕ್ಕೆ ಒಬ್ಬಳೇ, ಮತ್ತೆ ಮೊದಲಿನಿಂದ ಎಂದರೆ ಎಲ್ಲಿಂದ? ಆದರೆ ಒಂದು ಮಾತು ನಿನಗೆ ಹೇಳಲೇಬೇಕು. ಅಮ್ಮನ ಕೆಲಸವನ್ನು ನಾವಿಬ್ಬರೂ ಒಂದು ಶಿಕ್ಷೆ ಎಂದೇ ನೆನೆಯುತ್ತ ಬಂದೆವು. ಶಿಕ್ಷೆಯೂ ಆಗಿತ್ತು, ನಿಜ. ಆದರೆ ಅವಳ ಕೈಗೆ ಎಷ್ಟೊಂದು ತಿಳಿದಿತ್ತು ಎಂಬುದು ನನಗೆ ಗೊತ್ತಾದದ್ದು ಈ ವಾರ. ಆ ಕೋಣೆಯಲ್ಲಿ ಕೂತಾಗ ನಾನು ಓದನ್ನು ಬಿಟ್ಟು ಕೆಳಗಿಳಿದೆ ಎಂದು ಒಂದು ದಿನವೂ ಅನ್ನಿಸಲಿಲ್ಲ. ಈಗ ಓದಲು ಕಲಿಯುತ್ತಿದ್ದೇನೆ ಅನ್ನಿಸಿತು.

ಬೈಯುವುದಿದ್ದರೆ ಕಾಗದದಲ್ಲೇ ಬೈ. ಎರಡೆರಡು ಸಲ ಓದಬಹುದು.

ನಿನ್ನ ಮುಖಕ್ಕೆ ಮಸಿ ಬಳಿದ,
ತಂಗಿ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವಾಗ ಬಾಗಿಲು ತಟ್ಟಿದ ಸದ್ದಾಯಿತು. ಎದುರುಮನೆಯಾಕೆ. ಹತ್ತೊಂಬತ್ತು ವರ್ಷದಲ್ಲಿ ನೀನು ಒಂದು ದಿನವೂ ನಾನು ಕೆಲಸ ಮಾಡುವ ಜಾಗಕ್ಕೆ ಬಂದವಳಲ್ಲ. ನಾನೂ ಕರೆದವಳಲ್ಲ. ಅದಕ್ಕೇ ಆಕೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. “ಮರೆತೇಬಿಟ್ಟಿದ್ದೆ ನೋಡಿ ಮೇಡಂ. ಮಧ್ಯಾಹ್ನ ನಿಮ್ಮಕ್ಕ ಬಂದಿದ್ರು. ‘ಇವತ್ತು ಅವಳನ್ನ ಬಿಡಲ್ಲ’ ಅಂತ ಏನು ಸಿಟ್ಟು ಅಂತೀರಾ, ಕೊಟ್ಟ ನೀರೂ ಕುಡೀಲಿಲ್ಲ. ಕೆಲಸಕ್ಕೆ ಹೋಗಿದಾರೆ ಅಂದೆ. ‘ಅದೂ ಒಂದು ಕೆಲಸಾನಾ?’ ಅಂದ್ರು. ನನಗೇನು ಗೊತ್ತು ತಾಯಿ, ಸಂಜೆ ಕಣ್ಣು ಕೆಂಪು ಮಾಡ್ಕೊಂಡು ಬರ್ತಾರೆ, ಬೆಳಿಗ್ಗೆ ಮಾತ್ರ ಓಡ್ತಾ ಹೋಗ್ತಾರೆ ಅಂದೆ. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಸುಮಾರು ಹೊತ್ತು ಕೂತಿದ್ರು. ಎದ್ದು ಹೋಗ್ವಾಗ, ಮ್ಯೂಸಿಯಂಗೆ ಇಲ್ಲಿಂದ ಯಾವ ಬಸ್ಸು, ಭಾನುವಾರ ತೆಗೆದಿರ್ತಾರಾ, ಕೆಳಗಡೆ ರೂಮಿಗೂ ಬಿಡ್ತಾರಾ ಅಂತ ಕೇಳಿದ್ರು. ನಾನು ಹೂಂ ಅಂದ್ಬಿಟ್ಟೆ. ಬಿಡ್ತಾರೆ ಅಲ್ವಾ ಮೇಡಂ?”