ಅಬ್ಬಾ ಅಳಿಸಿದ ಮಚ್ಚೆ

೧೪ ಜೂನ್ ೨೦೦೬, ಬುಧವಾರ

ಬೆಳಗ್ಗೆಯಿಂದ ಶ್ರೀರಂಗಯ್ಯನವರ ಮಗಳು ಮಧುಶ್ರೀಯ ಮದುವೆ ಆಲ್ಬಮ್. ಗಲ್ಲದ ಮೇಲೆ ಮೊಡವೆ, ಹಣೆಯಲ್ಲಿ ಬೆವರು. ಎಲ್ಲ ಅಳಿಸಿದೆ. ಅಬ್ಬಾನ ಸ್ಟುಡಿಯೋಗೆ ಕಂಪ್ಯೂಟರ್ ಬಂದಾಗಿನಿಂದ ಚಿಕ್ಕನಾಯಕನಹಳ್ಳಿ ಹೆಣ್ಣುಮಕ್ಕಳ ಮುಖವನ್ನೆಲ್ಲ ನುಣ್ಣಗೆ ಮಾಡುವವಳು ನಾನೇ. ನನ್ನ ಮುಖ ಮಾತ್ರ ಹಾಗೇ ಇದೆ... ಇಪ್ಪತ್ತೊಂಬತ್ತಾದರೂ ದವಡೆ ತುಂಬ ಮೊಡವೆ. ಶ್ರೀರಂಗಯ್ಯನವರು ಪರದೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. “ನಿಂದೂ ಒಂಚೂರು ಹಂಗೇ ಉಜ್ಕೋಬಾರ್ದೇನಮ್ಮ ಆಸ್ಫಿಯಾ?” ತಮಾಷೆಗೇ ಅಂದದ್ದು. ನಕ್ಕೆ. ಸಿಟ್ಟು ಬಂದಿತ್ತು.

ಮಧ್ಯಾಹ್ನದ ಬಸ್ಸಿಗೆ ತಿಪಟೂರು. ಚರ್ಮದ ಡಾಕ್ಟರಮ್ಮ. ಇಷ್ಟು ದಿನದ ಜೆಲ್, ಮಾತ್ರೆ ಸಾಲಲಿಲ್ಲ ಅಂದರು. ಅದಕ್ಕೂ ಮುಂಚೆ ಮೆಡಿಕಲ್ ಶಾಪಿನ ಕ್ರೀಮ್ ಹಚ್ಚಿದ್ದೆನಲ್ಲ, ಅದು ಸ್ಟೀರಾಯ್ಡ್. ಹಚ್ಚಿದಷ್ಟು ದಿನ ಬೆಳ್ಳಗೆ, ಬಿಟ್ಟ ಕೂಡಲೇ ಕೆಂಪಗೆ. ಅದರ ಮಾತೆತ್ತಿದರೆ ಈಗಲೂ ಬಯ್ಯುತ್ತಾರೆ. ಉಳಿದ ದಾರಿ ಐಸೋಟ್ರೆಟಿನಾಯಿನ್ ಕ್ಯಾಪ್ಸೂಲ್. ದಿನಕ್ಕೊಂದು, ಊಟದ ಜೊತೆ, ಆರು ತಿಂಗಳು. ತುಟಿ ಒಡೆಯುತ್ತದಂತೆ. ಆಗಾಗ ರಕ್ತ ಪರೀಕ್ಷೆ.

“ಮದ್ವೆ ಗೊತ್ತಾಗಿದ್ಯಾ?”

“ಇಲ್ಲ ಮೇಡಂ.”

“ಹಂಗಾದ್ರೆ ಶುರು ಮಾಡೋಣ. ಇದನ್ನ ತಗೊಳ್ಳುವಾಗ ಬಸಿರಾಗ್ಲೇಬಾರ್ದು, ಮಗೂಗೆ ಅಪಾಯ. ನಿಲ್ಸಿದ್ಮೇಲೂ ಒಂದ್ ತಿಂಗಳು ಕಳೀಬೇಕು. ಮಧ್ಯೆ ಗಂಡು ಬಂದ್ರೆ ಮೊದ್ಲು ನನ್ ಹತ್ರ ಬಾ.”

ತಲೆಯ ಎಣ್ಣೆ ಮುಖಕ್ಕೆ ಇಳಿಯಬಾರದು ಅಂತಲೂ ಹೇಳಿದರು. “ಈ ಸೀಮೇಲಿ ಕೊಬ್ರಿ ಎಣ್ಣೆ ಬುಡಿ ಅಂದ್ರೆ ಜಗಳಕ್ಕೇ ಬತ್ತಾರೆ ಕಣಮ್ಮ” ಅಂತ ಅವರೇ ನಕ್ಕರು.

೧೬ ಜೂನ್, ಶುಕ್ರವಾರ

ಜಗಳವಾಯಿತು. ಅಮ್ಮಿ ಎಣ್ಣೆ ಬಟ್ಟಲು ಹಿಡಿದು ಕೂತಿದ್ದಳು, ಪ್ರತಿ ಶುಕ್ರವಾರದಂತೆ. ಬೇಡ ಅಂದೆ. “ಮನೇಲಿ ಇಷ್ಟು ಕೊಬ್ರಿ ಇಟ್ಕೊಂಡು ಒಣ ತಲೇಲಿ ಓಡಾಡ್ತೀಯಾ? ಯಾರಾದ್ರೂ ನೋಡಿದ್ರೆ ಏನಂತಾರೆ?” ಕೊನೆಗೆ ಜಡೆಯ ತುದಿಗೆ ಮಾತ್ರ ಅಂತ ರಾಜಿ. ಜಡೆ ಜಗ್ಗಿ ಜಗ್ಗಿ ಹಚ್ಚಿದಳು. ಬೇಜಾರಾಯಿತು.

೯ ಜುಲೈ, ಭಾನುವಾರ

ಮುಖ ಇನ್ನೂ ಕೆಟ್ಟಿದೆ. ಮೊದಲು ಹೆಚ್ಚಾಗಿ ಆಮೇಲೆ ಇಳಿಯಬಹುದು ಅಂದಿದ್ದರು. ಗೊತ್ತಿದ್ದರೂ ಕನ್ನಡಿ ನೋಡಿದರೆ ಅಳು. ತುಟಿ ಸೀಳಿದೆ. ಉಪ್ಪಿನಕಾಯಿ ಮುಟ್ಟುವ ಹಾಗಿಲ್ಲ.

೨ ಆಗಸ್ಟ್, ಬುಧವಾರ

ಹೊಸದು ಏಳುತ್ತಿಲ್ಲ! ಬಲಗಡೆ ದವಡೆ ಮುಟ್ಟಿದರೆ ನೋವಿಲ್ಲ. ಎಷ್ಟು ವರ್ಷವಾಗಿತ್ತು... ಸಾಯಂಕಾಲದವರೆಗೂ ಮುಟ್ಟಿ ಮುಟ್ಟಿ ನೋಡಿಕೊಂಡೆ.

ಇವತ್ತೇ ಸಂಬಂಧವೂ ಬಂತು. ಹುಳಿಯಾರಿನ ಉಮರ್ ಫಾರೂಖ್. ಟ್ರ್ಯಾಕ್ಟರ್ ಮೆಕ್ಯಾನಿಕ್, ಸ್ವಂತ ಗ್ಯಾರೇಜ್. ಫೋಟೋ ಕೇಳಿದ್ದಾರೆ. ಮುಖ ಪೂರ್ತಿ ವಾಸಿಯಾಗಲಿ, ಆಮೇಲೆ ಕಳಿಸೋಣ ಅಂದೆ. ಅಬ್ಬಾ ಹಳೇ ಆಲ್ಬಮ್ ತಿರುವುತ್ತಾ ಕೂತರು.

೬ ಆಗಸ್ಟ್, ಭಾನುವಾರ

ಕಳಿಸಿಬಿಟ್ಟಿದ್ದಾರೆ! ಹೋದ ವರ್ಷದ ಫೋಟೋ. ತಾವೇ ಕೂತು ‘ಕ್ಲೀನ್’ ಮಾಡಿ ಬಸ್ ಕಂಡಕ್ಟರ್ ಕೈಗೆ ಕೊಟ್ಟರಂತೆ. ಕಂಪ್ಯೂಟರ್‌ನಲ್ಲಿ ತೆಗೆದು ನೋಡಿದೆ. ಒಂದು ಮೊಡವೆ ಇಲ್ಲ. ಸರಿ. ತುಟಿ ಕೆಳಗಿನ ಮಚ್ಚೆಯೂ ಇಲ್ಲ!

“ಅಬ್ಬಾ, ನನ್ನ ಮಚ್ಚೆ ಎಲ್ಲಿ?”

“ಯಾವ ಮಚ್ಚೆ?”

ಹುಟ್ಟಿದಾಗಿನಿಂದ ಇರುವ ಮಚ್ಚೆ. ನಗು ಬಂತು. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಊರಿನವರ ಮುಖ ಒರೆಸುವಾಗ ಇದು ಯಾವತ್ತೂ ಹೊಳೆದಿರಲಿಲ್ಲ.

೨೦ ಆಗಸ್ಟ್, ಭಾನುವಾರ

ಹುಳಿಯಾರಿನವರು ಬಂದಿದ್ದರು. ಹುಡುಗ, ಅವನ ತಾಯಿ, ಅಕ್ಕ ನೂರೈನ್. ನಾನು ಟೀ ತಂದಿಟ್ಟೆ. ನೂರೈನ್ ಆಪಾ ಫೋಟೋ ನೋಡಿದರು, ನನ್ನನ್ನು ನೋಡಿದರು. “ಮಚ್ಚೆ ಫೋಟೋದಲ್ಲಿ ಇರ್ಲಿಲ್ವಲ್ಲ?”

ಅಮ್ಮಿ, “ಲೈಟಿಂದು ಕಣಮ್ಮ” ಅಂದಳು. ಅಬ್ಬಾ ಟೀ ಕುಡಿಯುತ್ತಲೇ ಇದ್ದರು, ಲೋಟ ಖಾಲಿಯಾದ ಮೇಲೂ. ನಾನೇ ಹೇಳಿದೆ, “ಮೊಡವೆ ಅಂತ ಅಬ್ಬಾ ಅಳಿಸಿಬಿಟ್ಟಿದ್ದಾರೆ.” ಹುಡುಗ ತಲೆ ತಗ್ಗಿಸಿ ನಕ್ಕ. ಅವನ ತಾಯಿ ನಗಲಿಲ್ಲ. “ಇನ್ನೇನೇನು ಅಳಿಸಿದ್ದೀರಿ?”

ಆದರೂ ಒಪ್ಪಿದರು. ರಂಜಾನ್ ಶುರುವಾಗುವ ಮುಂಚೆಯೇ ನಿಕಾಹ್ ಆಗಬೇಕಂತೆ, ಅಂದರೆ ಮುಂದಿನ ತಿಂಗಳೇ. ಅಬ್ಬಾ ತಕ್ಷಣ ಹೂಂ ಅಂದುಬಿಟ್ಟರು. ಅಡುಗೆಮನೆಯಲ್ಲಿ ಅಮ್ಮಿ, “ಮಾತ್ರೆ ಇವತ್ತೇ ನಿಲ್ಸು. ಮುಖ ಇಷ್ಟು ಚೆನ್ನಾಗಾಗಿದೆ, ಸಾಕು.”

ಸಾಕಾಗಲಿಲ್ಲ ನನಗೆ. ಅರ್ಧಕ್ಕೆ ಬಿಟ್ಟರೆ ಮತ್ತೆ ಏಳಬಹುದು. ಆ ಮುಖ ಮತ್ತೆ ಬೇಡ.

ನೂರೈನ್ ಆಪಾರನ್ನು ಒಳಕೋಣೆಗೆ ಕರೆದು ಎಲ್ಲ ಹೇಳಿದೆ. ಮಾತ್ರೆ, ಬಸಿರು, ಜನವರಿವರೆಗೆ ಕಾಯಬೇಕಾದದ್ದು. ಹೇಳುವಾಗ ಕಿವಿ ಬಿಸಿಯಾಗಿತ್ತು.

“ಇದನ್ನ ನಮ್ಮಮ್ಮಿಗೆ ಹೇಳಿದ್ರೆ ಹುಡುಗೀಗೇನೋ ಕಾಯ್ಲೆ ಅಂತಾರೆ ಕಣೇ.”

“ನಿಮ್ಮ ತಮ್ಮನಿಗೆ ಹೇಳಿ ಆಪಾ. ಅವರು ಬೇಡ ಅಂದ್ರೆ ಬೇಡ.”

೨೮ ಆಗಸ್ಟ್, ಸೋಮವಾರ

ಹುಳಿಯಾರಿನಿಂದ ಸುದ್ದಿ ಇಲ್ಲ. ನಾನು ಆಪಾಗೆ ಹೇಳಿದ್ದು ಗೊತ್ತಾಗಿ ಅಬ್ಬಾ ಮಾತು ಬಿಟ್ಟಿದ್ದಾರೆ. ಅವರೆದುರೇ ಊಟದ ಜೊತೆ ಕ್ಯಾಪ್ಸೂಲ್ ನುಂಗಿದೆ. ಹೆದರಿಕೆಯಾಗುತ್ತಿದೆ. ಅವನು ತಲೆ ತಗ್ಗಿಸಿ ನಕ್ಕಿದ್ದು ನೆನಪಾಗುತ್ತದೆ. ಕೈತಪ್ಪಿ ಹೋದರೆ? ಆದರೂ ನಿಲ್ಲಿಸುವುದಿಲ್ಲ.

೧ ಸೆಪ್ಟೆಂಬರ್, ಶುಕ್ರವಾರ, ಸಂಜೆ

ಬಂದಿದ್ದ. ಉಮರ್ ಒಬ್ಬನೇ, ನೇರ ಸ್ಟುಡಿಯೋಗೆ. ಉಗುರಿನಲ್ಲಿ ಗ್ರೀಸ್. ಜೇಬಿನಿಂದ ನನ್ನ ಫೋಟೋ ತೆಗೆದು ಅಬ್ಬಾನ ಮುಂದಿಟ್ಟ. ಮುಗಿಯಿತು, ವಾಪಸ್ ಕೊಡಲು ಬಂದಿದ್ದಾನೆ ಅಂದುಕೊಂಡೆ.

“ಇದು ಬೇಡ. ಮಚ್ಚೆ ಇರೋದು ಕೊಡಿ.”

ಅಬ್ಬಾ ಕನ್ನಡಕ ಏರಿಸಿ ಫೋಟೋ ಎತ್ತಿಕೊಂಡರು.

“ನಿಕಾಹ್ ಬಕ್ರೀದ್ ಕಳೆದು ಜನವರಿ ಕೊನೇಲಿ ಇಟ್ಕೊಳ್ಳೋಣ. ಗ್ಯಾರೇಜ್ ಮೇಲಿನ ಮನೆಗೆ ಇನ್ನೂ ಪ್ಲಾಸ್ಟರ್ ಆಗಿಲ್ಲ ಅಂತ ಅಮ್ಮಿನ ಒಪ್ಸಿದೀನಿ.” ನನ್ನ ಕಡೆ ತಿರುಗಿ ದನಿ ಇಳಿಸಿದ. “ಪ್ಲಾಸ್ಟರ್ ಆಗಿ ವರ್ಷವಾಯ್ತು. ನೀವು ಹೇಳ್ಬೇಡಿ.”

ಜನವರಿ ಕೊನೆ. ಅಷ್ಟರಲ್ಲಿ ಮಾತ್ರೆಯೂ ಮುಗಿದಿರುತ್ತದೆ, ಮೇಲಿನ ಒಂದು ತಿಂಗಳೂ ಕಳೆಯುತ್ತದೆ. ಖುಷಿಯಾಗಿದೆ. ತುಂಬಾ. ನಕ್ಕು ನಕ್ಕು ತುಟಿ ಮತ್ತೆ ಸೀಳಿತು.

ಅವನು ಹೋದ ಮೇಲೆ ಅಬ್ಬಾ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಲೈಟ್ ಸರಿಮಾಡಿದರು. ವಾರವಾದ ಮೇಲೆ ಮೊದಲ ಮಾತು, “ಗದ್ದ ಎತ್ತು.” ಗಲ್ಲದಲ್ಲಿ ಇನ್ನೂ ಕಲೆ ಇದೆ ಅಂದೆ. “ಇರ್ಲಿ ಬುಡು” ಅಂದರು.

ಈಗ ಅದನ್ನು ಕಂಪ್ಯೂಟರ್‌ಗೆ ಹಾಕಿ ಕೂತಿದ್ದಾರೆ. ಕನ್ನಡಕ ಮೂಗಿನ ತುದಿಯಲ್ಲಿ, ಮುಖ ಪರದೆಗೆ ತಾಗುವಷ್ಟು ಹತ್ತಿರ. ಮೌಸ್ ಸದ್ದು ಕೇಳುತ್ತಿದೆ. ಅಯ್ಯೋ, ಹೋಗಿ ನೋಡಬೇಕು, ಇಲ್ಲದಿದ್ದರೆ ಮತ್ತೆ ಮಚ್ಚೆ—