ತುಪ್ಪದ ಬಣ್ಣದ ಕೊಬ್ಬು

ರೀ,

ಎದುರಿಗಿದ್ದಾಗಲೂ ನಿಮ್ಮನ್ನು ಕರೆಯಲು ಈ ಒಂದಕ್ಷರವೇ ಸಾಕಾಗಿತ್ತು. ಕಾಗದಕ್ಕೂ ಇಷ್ಟೇ ಇರಲಿ.

ಅಮೆರಿಕದ ಈ ಕ್ಯಾರಿ ಊರಿಗೆ ಬಂದ ಮೊದಲ ಚಳಿಗಾಲದ ಆ ಸಂಜೆ ನೆನಪಿದೆಯೇ? ದನಗಳ ಮೇವಿನ ಸಂಶೋಧನೆಗೆಂದು ಕಸಾಯಿಖಾನೆಯ ತಣ್ಣನೆಯ ಕೋಣೆಯನ್ನು ಮೊದಲ ಸಲ ನೋಡಿಬಂದಿದ್ದಿರಿ. ಸ್ನಾನ ಮಾಡಿ ಊಟಕ್ಕೆ ಕೂತವರು ನಗತೊಡಗಿದಿರಿ. ಬರೀ ಹುಲ್ಲು ಮೇಯ್ದ ಹೋರಿಯ ಮಾಂಸದ ಮೇಲಿನ ಕೊಬ್ಬು ಹಸುವಿನ ತುಪ್ಪದಂತೆ ಹಳದಿಯಾಗಿತ್ತಂತೆ. ಮೈಸೂರಿನ ಕಣ್ಣು ಸುಮ್ಮನಿದ್ದೀತೇ? “ಗುಡ್ ಕಲರ್” ಅಂದುಬಿಟ್ಟಿರಂತೆ. ಮಾಂಸಕ್ಕೆ ದರ್ಜೆ ಹಾಕುವವನು ತಲೆಯೆತ್ತದೆ, “ಹೌದು, ‘ಗುಡ್’ ಅಷ್ಟೇ. ಅದೇ ತೊಂದರೆ” ಅಂದನಂತೆ. ಇಲ್ಲಿ ‘ಗುಡ್’ ಎಂಬುದು ‘ಚಾಯ್ಸ್’ಗಿಂತ ಕೆಳಗಿನ ದರ್ಜೆ, ಕೊಬ್ಬು ಹಳದಿಯಿದ್ದರೆ ಕೊಳ್ಳುವವರು ಮುಖ ತಿರುಗಿಸುತ್ತಾರೆ ಎಂದು ಆ ದಿನ ನಾನೂ ಕಲಿತೆ. “ನಮ್ಮಮ್ಮ ಈ ಕಲರ್ ತುಪ್ಪಕ್ಕೆ ಊರೆಲ್ಲಾ ಹುಡುಕ್ತಿದ್ದರು ಕಣೇ” ಅಂದಿರಿ.

ಆಮೇಲೆ ಪಕ್ಕದೂರು ಏಪೆಕ್ಸ್ ಕಡೆಯ ಆ ಶನಿವಾರಗಳು. ರೈತ ಅರ್ಲ್‌ನ ಹುಲ್ಲುಗಾವಲಿನ ಬೇಲಿಯ ಪಕ್ಕ ಕಾರು ನಿಲ್ಲಿಸಿ ನೀವು ಇಳಿಯುತ್ತಿದ್ದಿರಿ. ನಾನು ಕಾರಿನಲ್ಲೇ ಕೂತು ಯಾವುದಾದರೂ ಅನುವಾದದ ಕಾದಂಬರಿ ಓದುತ್ತಿದ್ದೆ. ಹೋರಿಗಳನ್ನು ದೂರದ ಕೊಟ್ಟಿಗೆಗಳಿಗೆ ಕಳಿಸಿ ಕೊಬ್ಬಿಸಬೇಕಿಲ್ಲ, ಹುಲ್ಲಿನ ಮೇಲೇ ಬಿಟ್ಟು ಕೊನೆಯ ತಿಂಗಳುಗಳಲ್ಲಿ ದಿನಾ ಸಂಜೆ ಮುಸುಕಿನ ಜೋಳ ಕೊಟ್ಟರೆ ಸಾಕು, ಕೊಬ್ಬು ಬೆಳ್ಳಗಾಗುತ್ತದೆ, ಮಾಂಸದೊಳಗೆ ಕೊಬ್ಬಿನ ಸಣ್ಣ ಎಳೆಗಳೂ ಮೂಡುತ್ತವೆ ಎಂಬುದು ನಿಮ್ಮ ವಾದ. ನಂಬಿದವನು ಅರ್ಲ್ ಒಬ್ಬನೇ. ತನ್ನ ಹೋರಿಗಳನ್ನೆಲ್ಲ ನಿಮ್ಮ ಮಾತಿಗೆ ಬಿಟ್ಟುಕೊಟ್ಟ. “ಡಾಕ್, ನಿನ್ನ ಜೋಳ ಕೈಕೊಟ್ಟರೆ ಮುಂದಿನ ವರ್ಷ ಈ ಹೊಲದಲ್ಲಿ ಮನೆ ಬೆಳೀತೀನಿ” ಎಂದು ನಗುತ್ತಲೇ ಹೇಳಿದ್ದ. ಮನೆ ಕಟ್ಟುವವರು ಆಗಲೇ ಬಂದು ಜಾಗ ಅಳೆದು ಹೋಗಿದ್ದರು. ನಗು ನಿಮಗೆ ಬರಲಿಲ್ಲ.

ಹಾಗೆ ವಾಪಸು ಬರುವಾಗ ಒಮ್ಮೆ ಕೇಳಿದ್ದೆ: “ಬಾಯಿಗೇ ಇಡಲ್ಲ, ಚೆನ್ನಾಗಿದೆ ಅಂತ ಹೇಗ್ರೀ ಹೇಳ್ತೀರ?”

“ಟೇಸ್ಟ್ ಮಾಡೋಕೆ ಜನ ಇದಾರೆ. ನಾನು ಅದು ಮೇಯೋದನ್ನ ನೋಡ್ಕೋತೀನಿ.”

ಆಸ್ಪತ್ರೆಯಲ್ಲಿ ಕೊನೆಯ ವಾರ ನೀವು ನನ್ನನ್ನು ಕೇಳಿದ್ದೂ ಮನೆಯ ವಿಷಯವಲ್ಲ. “ಜೋಳ ಹಾಕಿದ್ನಂತಾ?” ಹಾಕಿದ್ದಾನೆ ಅಂದೆ. ಹೋರಿಗಳು ಇನ್ನೂ ಹುಲ್ಲಿನ ಮೇಲಿದ್ದವು, ನೀವು ಮಾತ್ರ...

ಮೊನ್ನೆ ಅರ್ಲ್ ಟೋಪಿ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದಿದ್ದ. ಕೇಳಿಸುತ್ತಿದೆಯೇ? ಒಂದನ್ನು ಬಿಟ್ಟು ಎಲ್ಲವೂ ಚಾಯ್ಸ್. ಕೊಬ್ಬು ಬೆಳ್ಳಗೆ. ರುಚಿ ನೋಡುವವರಿಗೆ ಕೊಟ್ಟಿಗೆಯ ಮಾಂಸ ಯಾವುದು, ಇದು ಯಾವುದು ಎಂದು ಗೊತ್ತಾಗಲಿಲ್ಲವಂತೆ. ಅಳತೆಯವರಿಗೆ ಅವನು ಬರಬೇಡಿ ಎಂದು ಹೇಳಿಕಳಿಸಿದ್ದಾನೆ.

ಉಳಿದ ಆ ಒಂದು ಯಾವುದು ಬಲ್ಲಿರಾ? ಬೇರೆಯವು ತಳ್ಳಿದರೆ ಜೋಳದ ಬಾನಿ ಬಿಟ್ಟು ಹುಲ್ಲಿಗೇ ಹೋಗುತ್ತಿತ್ತಲ್ಲ, ಆ ಕೆಂಪು ಸಾಧು. ಅದರದ್ದು ಹಳದಿಯೇ. “ದರ್ಜೆ ಹಾಕುವವನು ಅದರ ಮುಂದೆ ತುಂಬ ಹೊತ್ತು ನಿಂತಿದ್ದ, ಮ್ಯಾಮ್. ಆಮೇಲೆ ‘ಗುಡ್ ಕಲರ್’ ಅಂದ. ಯಾಕಂದನೋ ತಿಳೀಲಿಲ್ಲ” ಎಂದ ಅರ್ಲ್.

ನನಗೆ ತಿಳಿಯಿತು. ಆ ಮೊದಲ ಚಳಿಗಾಲದ ನಿಮ್ಮ ಮಾತನ್ನು ದರ್ಜೆಯವನು ಮರೆತಿರಲಿಲ್ಲ.

ಹೋಗುವಾಗ ಅರ್ಲ್ ತನ್ನ ಮನೆಯ ಜರ್ಸಿ ಹಸುವಿನ ಬೆಣ್ಣೆ ಕೊಟ್ಟು ಹೋದ. ಇಂದು ಕಾಯಿಸಿ, ಸೋಸಿ, ಕಿಟಕಿಯ ಬೆಳಕಿಗೆ ಹಿಡಿದೆ. ನಿಮ್ಮ ತಿಥಿಯ ದಿನ ಅನ್ನಕ್ಕೆ ಹಾಕುವುದು ಇದನ್ನೇ.

ಗುಡ್ ಕಲರ್, ರೀ.