ರಸಬಾಳೆಯನ್ನು ಮಾಂಸವೆಂದು ಬರೆದ ಅಧಿಕಾರಿಗಳಿಗೆ

ಮೈಸೂರು, ೧೯೩೪

ಸಮುದ್ರವಿಲ್ಲದ ಊರಿನಲ್ಲಿ ಕೂತು ಹಡಗಿನ ಸರಕಿಗೆ ಮೊಹರು ಒತ್ತುವ ರಫ್ತು ಅಧಿಕಾರಿಗಳೇ,

ನೀವು ನನ್ನ ಗೆಳೆಯ ಆರೋಗ್ಯಪ್ಪನ ಮಾನ ತೆಗೆದಿದ್ದೀರಿ. ಅದನ್ನು ವಾಪಸು ಕೇಳುವುದಕ್ಕೆ ಈ ಪತ್ರ. ನಿಮ್ಮ ಕಚೇರಿಗೆ ಮೂರು ಅರ್ಜಿ ಕೊಟ್ಟೆ, ಮೂರೂ ಶೀತಕೋಣೆ ಸೇರಿದವು. ಆದ್ದರಿಂದ ನಾಲ್ಕನೆಯದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಬಿಸಿಬಿಸಿಯಾಗಿ ಬಡಿಸುತ್ತಿದ್ದೇನೆ. ‘ಮಾನ್ಯರೇ’ ಎಂದು ಶುರು ಮಾಡುವುದು ಪದ್ಧತಿ. ಮಾನದ ವಿಷಯವೇ ತಕರಾರಿನಲ್ಲಿರುವುದರಿಂದ ಆ ಶಬ್ದವನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ.

ಊರಿನವರಿಗೂ ಸಂಗತಿ ತಿಳಿಯಲಿ. ಆರೋಗ್ಯಪ್ಪನ ತೋಟ ನಂಜನಗೂಡಿನ ರಸ್ತೆಯಲ್ಲಿದೆ. ಅವನ ಅಜ್ಜ ನೆಟ್ಟ ರಸಬಾಳೆಯ ಕಂದುಗಳೇ ಮರಿ ಹಾಕಿ ಹಾಕಿ ಮೂರು ತಲೆ ದಾಟಿವೆ. ಆ ಹಣ್ಣು ಅವರ ಚರ್ಚಿನ ಹಬ್ಬಕ್ಕೂ ಹೋಗುತ್ತಿತ್ತು, ನಮ್ಮ ಮನೆಯ ಪಂಚಾಮೃತಕ್ಕೂ ಬರುತ್ತಿತ್ತು. ದೇವರುಗಳು ಇಂಥ ವಿಷಯದಲ್ಲಿ ಜಗಳವಾಡುವುದಿಲ್ಲ. ಅರಮನೆಯ ಉಗ್ರಾಣದಲ್ಲಿ ಮೂವತ್ತು ವರ್ಷ ಹಣ್ಣು ನೋಡಿಕೊಂಡವನು ನಾನು. ಹಡಗುಗಳಲ್ಲಿ ಈಗ ತಣ್ಣನೆಯ ಕೋಣೆಗಳಿವೆ, ಬೊಂಬಾಯಿಯಿಂದ ಹೊರಟ ಹಣ್ಣು ಲಂಡನ್ನಿನಲ್ಲಿ ಹಸಿರಾಗಿಯೇ ಇಳಿಯುತ್ತದೆ ಎಂದು ಎಲ್ಲೋ ಓದಿ, ‘ಕಳಿಸೋ ಆರೋಗ್ಯಪ್ಪ, ದೊರೆಗಳೂ ಒಂದು ಸಲ ಬಾಯಿ ಸಿಹಿ ಮಾಡಿಕೊಳ್ಳಲಿ’ ಎಂದು ಹುರಿದುಂಬಿಸಿದವನೂ ನಾನೇ. ಅವನು ಬೇಡ ಬೇಡ ಎಂದು, ಕೊನೆಗೆ ನಲವತ್ತು ಪೆಟ್ಟಿಗೆ ತುಂಬಿದ. ಒಂದೊಂದು ಕಾಯಿಯನ್ನೂ ಒಣ ಬಾಳೆಲೆಯಲ್ಲಿ ಸುತ್ತಿ, ತೊಟ್ಟಿಲಲ್ಲಿ ಮಲಗಿಸುವಂತೆ ಮಲಗಿಸಿದ.

ಅಪ್ಪಣೆಗಾಗಿ ಇಬ್ಬರೂ ನಿಮ್ಮ ಮುಂದೆ ಬಂದು ನಿಂತೆವು. ನಿಮಗೆ ಮರೆತಿರಬಹುದು, ನನಗೆ ಒಂದು ಅಕ್ಷರವೂ ಮರೆತಿಲ್ಲ. ಶೀತಕೋಣೆಯ ಸರಕಿಗೆ ನಿಮ್ಮಲ್ಲಿದ್ದ ಫಾರಂನಲ್ಲಿ ಎರಡೇ ಕಲಂ: ಮಾಂಸ, ಮೀನು. ಗುಮಾಸ್ತರು ಪೆನ್ನು ಹಿಡಿದು ಕೇಳಿದರು:

"ಬಾಳೆಯನ್ನ ಯಾವುದಕ್ಕೆ ಹಾಕ್ಲಿ ಸಾರ್?"

ನೀವು ತಲೆಯೆತ್ತಲಿಲ್ಲ. "ಈಜುತ್ತೇನ್ರೀ ಅದು? ಇಲ್ವಲ್ಲ. ಹಾಗಾದ್ರೆ ಮಾಂಸಕ್ಕೆ ಹಾಕಿ."

ಮುಂದಿನ ಪ್ರಶ್ನೆ, ‘ಕೊಂದ ದಿನಾಂಕ’. ಆರೋಗ್ಯಪ್ಪ ನನ್ನ ಮುಖ ನೋಡಿದ. "ಗೊನೆ ಕಡ್ದಿದ್ದು ಸೋಮವಾರ ಸ್ವಾಮಿ" ಎಂದ. ಸೋಮವಾರವೆಂದೇ ಬರೆದರು. ‘ಸಾಯುವ ಮುನ್ನ ರೋಗವಿತ್ತೆ?’ ಎನ್ನುವುದು ಅದರ ಮುಂದಿನದು. "ಇಲ್ಲ ಸಾರ್, ಗುಂಡುಕಲ್ಲಿನ ಹಾಗಿತ್ತು, ಕೊನೇ ಮಾತು ಏನೂ ಆಡಲಿಲ್ಲ" ಎಂದು ನಾನೇ ಉತ್ತರ ಕೊಟ್ಟೆ. ಅದನ್ನೂ ಬರೆದುಕೊಂಡರು. ನೀವು ನಗಲಿಲ್ಲ. ನನಗೆ ಭಯವಾದದ್ದು ಆಗಲೇ. ನಗು ಬಾರದ ಮನುಷ್ಯನ ಕೈಗೆ ಮೊಹರು ಕೊಡಬಾರದು.

ಪೆಟ್ಟಿಗೆಗಳ ಮೇಲೆ ಚೀಟಿ ಹಚ್ಚಿದಿರಿ: ‘ಮಾಂಸ. ಹದಿನೈದು ಡಿಗ್ರಿ.’ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನೀರು ಗಡ್ಡೆ ಕಟ್ಟುವುದು ಮೂವತ್ತೆರಡರಲ್ಲಿ ಎಂದು ಶಾಲೆಯ ಮಕ್ಕಳೂ ಬಲ್ಲರು.

ಆರೋಗ್ಯಪ್ಪ ಕೈಮುಗಿದ. "ಸ್ವಾಮಿ, ಇದಕ್ಕೆ ತಂಪಿದ್ರೆ ಸಾಕು. ನಮ್ ಮನೆ ಅಟ್ಟದ್ ಮೂಲೆ ಇರ್ತದಲ್ಲ, ಅಷ್ಟು. ಗಡ್ಡೆ ಕಟ್ಟಿಸ್ಬುಟ್ರೆ ಸತ್ತೋಯ್ತದೆ."

"ಸತ್ತಿರೋದಕ್ಕೇ ಕಣಯ್ಯ ಈ ಫಾರಂ ಇರೋದು. ನೀನು ಬಾಳೆ ಬೆಳೆಯೋನು, ನಾನು ಶೀತಶಾಸ್ತ್ರ ಓದ್ಕೊಂಡು ಬಂದೋನು. ಒಳ್ಳೆ ಹಣ್ಣು ಐಸಿನಲ್ಲಿ ಕೆಡೋದಿಲ್ಲ. ಕೆಟ್ರೆ, ತೋಟದಲ್ಲೇ ಕೆಟ್ಟಿತ್ತು ಅಂತ ಅರ್ಥ."

ಹೀಗೆ ನಮ್ಮ ರಸಬಾಳೆ, ಆಸ್ಟ್ರೇಲಿಯಾದಿಂದ ಬಂದ ಸತ್ತ ಕುರಿಗಳ ಮಗ್ಗುಲಲ್ಲಿ ಮಲಗಿ ಲಂಡನ್ನಿಗೆ ಹೋಯಿತು. ಅಲ್ಲಿನ ವ್ಯಾಪಾರಿ ಬರೆದ: ಪೆಟ್ಟಿಗೆ ಒಡೆದಾಗ ಕರಿಯ ಕಲ್ಲುಗಳಿದ್ದವು, ಮಧ್ಯಾಹ್ನದ ಹೊತ್ತಿಗೆ ಗಂಜಿಯಾಯಿತು. ತಪ್ಪು ಯಾರದು? ಮೊಹರಿನದಂತೂ ಆಗಲಾರದು, ಮೊಹರು ಸರ್ಕಾರದ್ದು. ಒಂದೇ ವಾರದಲ್ಲಿ ಮಾರುಕಟ್ಟೆಯ ಬಾಗಿಲಿಗೆ ನಿಮ್ಮ ಪ್ರಕಟಣೆ ಬಿತ್ತು: ‘ಕೊಳೆತ ಮಾಲನ್ನು ವಿದೇಶಕ್ಕೆ ಕಳುಹಿಸಿ ಸಂಸ್ಥಾನದ ಹೆಸರಿಗೆ ಮಸಿ ಬಳಿದ ತೋಟಗಾರ ಆರೋಗ್ಯಪ್ಪ. ಈತನೊಡನೆ ವ್ಯವಹರಿಸುವವರು ಎಚ್ಚರಿಕೆಯಿಂದಿರತಕ್ಕದ್ದು.’

ಹಣ್ಣನ್ನು ಕಲ್ಲು ಮಾಡಿದಿರಿ, ಬೆಳೆದವನನ್ನು ಹಣ್ಣು ಮಾಡಿದಿರಿ. ಇದೂ ಶೀತಶಾಸ್ತ್ರದಲ್ಲಿ ಬರೆದಿದೆಯೋ?

ಈಗ ಅವನ ಗೊನೆಗಳನ್ನು ಮಾರುಕಟ್ಟೆಯಲ್ಲಿ ಯಾರೂ ಇಳಿಸಿಕೊಳ್ಳುವುದಿಲ್ಲ. ಈ ವರ್ಷ ಚರ್ಚಿನ ಹಬ್ಬಕ್ಕೂ ಬೇರೆ ತೋಟದ ಹಣ್ಣು ಬಂತು. ಆ ಭಾನುವಾರ ಅವನು ಮಂಡಿಯೂರಿದವನು ಎಲ್ಲರೂ ಮನೆಗೆ ಹೋಗುವವರೆಗೂ ಏಳಲಿಲ್ಲವಂತೆ. ನಾನು ತೋಟಕ್ಕೆ ಹೋದಾಗ ಎರಡು ಸಾಲು ಬುಡಸಮೇತ ಅಗೆದು ಹಾಕಿದ್ದ.

"ಏನೋ ಇದು?" ಎಂದೆ.

"ರಾಗಿ ಬಿತ್ತೀನಿ ಅಯ್ನೋರೇ. ರಾಗಿ ಬೆಳ್ದೋನ್ ಹೆಸ್ರು ಯಾರೂ ಬಾಗ್ಲಿಗ್ ಅಂಟ್ಸಲ್ಲ."

ಅವನ ಹೆಂಡತಿ ಸೆಲ್ವಮೇರಿ ನನಗೆ ನೀರು ಕೊಟ್ಟಳು, ಆದರೆ ಮುಖ ಕೊಡಲಿಲ್ಲ. "ಲಂಡನ್ನು ಯಾರಿಗ್ ಬೇಕಿತ್ತು ಅಯ್ನೋರೇ? ನಿಮ್ಗೆ ಎಲ್ಲಾ ತಮಾಸೆ. ಇವ್ರು ರಾತ್ರಿ ಅನ್ನ ಬುಟ್ಟು ಹದಿನೈದ್ ದಿನ ಆಯ್ತು" ಎಂದಳು. ಅರವತ್ತೆಂಟು ವರ್ಷದಲ್ಲಿ ನನಗೆ ಉತ್ತರ ತೋಚದ ಮಾತು ಅದೊಂದೇ. ಮಿಕ್ಕ ಎಲ್ಲಕ್ಕೂ ಉತ್ತರ ಹುಡುಕಿಕೊಂಡಿದ್ದೇನೆ. ನಿಮಗೂ ಹುಡುಕಿದೆ.

ಕಳೆದ ತಿಂಗಳು ನಿಮ್ಮ ಮೊಮ್ಮಗನ ನಾಮಕರಣವಾಯಿತಲ್ಲ? ಅದಕ್ಕೆ ಐದು ದಿನ ಮುಂಚೆ ನಿಮ್ಮ ಅಡಿಗೆಯ ಚಿಕ್ಕಯ್ಯ, ಹಣ್ಣಿನ ಸಂಗತಿ ಬಲ್ಲವನೆಂದು ನನ್ನ ಹತ್ತಿರ ಓಡಿ ಬಂದ. ನಿಮ್ಮ ಹಿತ್ತಲಿನಲ್ಲೂ ರಸಬಾಳೆಯುಂಟು. "ಅಯ್ನೋರೇ, ಗೊನೆ ಪೂರ್ತಿ ಈಗ್ಲೇ ಹಣ್ಣಾಗ್ಬುಟ್ಟದೆ. ಐದ್ ದಿನ ಎಂಗೆ ಇಡ್ಲಿ?" ಎಂದ. ಅದನ್ನೆಲ್ಲ ನೆರೆಹೊರೆಗೆ ಹಂಚಿ ಬೇರೆ ಗೊನೆ ತರಿಸು ಎನ್ನಬಹುದಿತ್ತು. ಅನ್ನಲಿಲ್ಲ. "ನಿಮ್ಮ ಯಜಮಾನರಿಗಿಂತ ನಾನು ತಿಳಿದೋನೇನೋ? ಐಸ್ ಕಾರ್ಖಾನೆಗೆ ಕಳಿಸಬಹುದೇನೋ ಅಂತ ಅವರನ್ನೇ ಕೇಳು. ಬರೆಸಿಕೊಂಡು ಬಾ ಮಾತ್ರ, ಕಾರ್ಖಾನೆಯೋರು ಬಾಯಿಮಾತಿಗೆ ಒಪ್ಪಲ್ಲ" ಎಂದೆ. ಚಿಕ್ಕಯ್ಯನ ಮೇಲೆ ಸಿಟ್ಟಾಗಬೇಡಿ, ಅವನಿಗೆ ಏನೂ ತಿಳಿಯದು. ಸಿಟ್ಟಾಗುವುದಿದ್ದರೆ ನನ್ನ ಮೇಲಾಗಿ, ನನಗೆ ಸಂತೋಷವಾಗುತ್ತದೆ.

ನೀವು ಬರೆದುಕೊಟ್ಟಿರಿ: ‘ಉಪ್ಪು ಬೆರೆಸಿದ ಐಸಿನಲ್ಲಿ ಹದಿನೈದು ಡಿಗ್ರಿಗೆ ಇಡುವುದು.’ ಕೆಳಗೆ ರುಜು, ರುಜುವಿನ ಮೇಲೆ ಮೊಹರು. ಮನೆಯ ಬಾಳೆಹಣ್ಣಿಗೂ ಮೊಹರು ಒತ್ತುವ ನಿಮ್ಮ ಶಿಸ್ತಿಗೆ ನಮಸ್ಕಾರ. ಆ ಚೀಟಿಯನ್ನು ಕಾರ್ಖಾನೆಗೆ ಒಯ್ದವನೂ ನಾನೇ, ವಾಪಸು ತಂದು ಬೀರುವಿನಲ್ಲಿ ಇಟ್ಟುಕೊಂಡವನೂ ನಾನೇ.

ನಿಮ್ಮ ಬೀಗರು ನನಗೆ ಹಳೆಯ ಪರಿಚಯ, ಹಾಗಾಗಿ ಊಟಕ್ಕೆ ಕರೆಯಿತ್ತು. ಮೊದಲ ಪಂಕ್ತಿಯಲ್ಲೇ ಕೂತೆ. ಎಲೆಯ ತುದಿಗೆ ಕರ್ರಗಿನದೊಂದು ಬಿತ್ತು. ಪಕ್ಕದವರು "ಇದೇನ್ರೀ, ಸುಟ್ಟ ಬದನೆಕಾಯಿನಾ?" ಎಂದರು. ನಿಮ್ಮ ಬೀಗಿತ್ತಿ ಸುಂದರಮ್ಮನವರು ಬೆರಳಲ್ಲಿ ಒತ್ತಿದರು, ಅದು ಎಲೆಯ ಮೇಲೆ ಹರಿಯಿತು. "ಮಗೂಗೆ ಹೆಸರಿಟ್ಟಿದ್ದಾಯ್ತು, ಇದಕ್ಕೂ ಒಂದು ಹೆಸರಿಟ್ಟುಬಿಡಿ" ಎಂದರು. ಎಂಬತ್ತು ಜನರ ಎದುರು ನೀವು ಕೂಗಿದಿರಿ:

"ಹಣ್ಣು ಚೆನ್ನಾಗೇ ಇತ್ತು ಕಣ್ರೀ! ನನ್ನ ಹಿತ್ತಲದ್ದು, ನಾನೇ ಕಣ್ಣಾರೆ ನೋಡಿದ್ದೀನಿ! ಐಸಿನಲ್ಲಿ ಹಾಳಾಗಿದ್ದು!"

ನಾನು ಆ ಹಣ್ಣನ್ನು ಪೂರ್ತಿ ತಿಂದೆ. ಅಷ್ಟು ರುಚಿಯಾದ ಕೊಳೆತ ಹಣ್ಣು ನಾನು ತಿಂದಿಲ್ಲ.

ಈಗ ಹೇಳಿ. ಐಸು ಒಳ್ಳೆಯ ಹಣ್ಣನ್ನೂ ಕೆಡಿಸುತ್ತದೆ ಎನ್ನುವುದಾದರೆ, ಆರೋಗ್ಯಪ್ಪ ನಿರಪರಾಧಿ. ಕೆಡಿಸುವುದಿಲ್ಲ, ಕೆಟ್ಟರೆ ತೋಟದಲ್ಲೇ ಕೆಟ್ಟಿತ್ತು ಎನ್ನುವುದಾದರೆ, ಎಂಬತ್ತು ಜನಕ್ಕೆ ಕೊಳೆತ ಮಾಲು ಬಡಿಸಿದ ತೋಟಗಾರರು ತಾವು. ಮೂರನೆಯ ಕಲಂ ನಿಮ್ಮ ಫಾರಂನಲ್ಲೂ ಇಲ್ಲ, ನನ್ನದರಲ್ಲೂ ಇಲ್ಲ.

ಆದ್ದರಿಂದ ಶನಿವಾರದೊಳಗೆ ಎರಡರಲ್ಲಿ ಒಂದು ಆಗತಕ್ಕದ್ದು. ಆ ಪ್ರಕಟಣೆಯನ್ನು ನಿಮ್ಮ ಕೈಯಿಂದಲೇ ಹರಿದು, ಅದೇ ಜಾಗದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ, ಹಣ್ಣನ್ನು ಕೊಂದದ್ದು ತೋಟವಲ್ಲ, ನಿಮ್ಮ ಚೀಟಿ ಎಂದು ಬರೆದು ಅಂಟಿಸಿ. ಆಗದಿದ್ದರೆ ನಿಮ್ಮ ರುಜುವಿನ ಚೀಟಿಯನ್ನು ನಾನೇ ಆ ಪ್ರಕಟಣೆಯ ಮಗ್ಗುಲಿಗೆ ಅಂಟಿಸಿ, ಸುಂದರಮ್ಮನವರನ್ನು ಸಾಕ್ಷಿಗೆ ಕರೆತರುತ್ತೇನೆ. ಅವರು ಒಪ್ಪಿದ್ದಾರೆ. ಬಹಳ ಉತ್ಸಾಹದಿಂದ ಒಪ್ಪಿದ್ದಾರೆ.

ಶನಿವಾರವೇ ಏಕೆಂದರೆ, ಅಲ್ಲಿಯವರೆಗೆ ಗುದ್ದಲಿ ಮುಟ್ಟುವುದಿಲ್ಲವೆಂದು ಆರೋಗ್ಯಪ್ಪ ಸೆಲ್ವಮೇರಿಗೆ ಮಾತು ಕೊಟ್ಟಿದ್ದಾನೆ. ಇನ್ನೂ ಹನ್ನೊಂದು ಸಾಲು ನಿಂತಿವೆ. ಅಂದು ಬೆಳಿಗ್ಗೆ ನಾನು ಬರಿಗೈಯಲ್ಲಿ ಹೋದರೆ ಅವನು ಅಗೆಯುತ್ತಾನೆ, ನಾನು ನೋಡುತ್ತಾ ನಿಲ್ಲಬೇಕಾಗುತ್ತದೆ. ಒಂದೊಂದು ಬುಡ ಉರುಳಿದಾಗಲೂ ನಿಮಗೊಂದು ಪತ್ರ ಬರೆಯುತ್ತೇನೆ. ನನಗೆ ಬೇರೆ ಕೆಲಸವಿಲ್ಲ, ಆಯಸ್ಸು ಗಟ್ಟಿ.

ಇಂತಿ, ಗೆಳೆಯನನ್ನು ತಾನೇ ಹಡಗು ಹತ್ತಿಸಿ, ಈಗ ದಡದಲ್ಲಿ ನಿಂತು ಕೂಗುತ್ತಿರುವ ಮುದುಕ,
ಅನಂತಪದ್ಮನಾಭ
(ಉಗ್ರಾಣದಿಂದ ನಿವೃತ್ತ, ಉಗ್ರತನದಿಂದ ಅಲ್ಲ)